ಡ್ಯೂಕಪ್ಪನ ಸೊಪ್ಪಿನ ಮಂಕರಿ

ಡ್ಯೂಕರಿಗೆ ನೆಗಡಿಯಾಗುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಒಂದು ಕಾಲಕ್ಕೆ ಅಂಥವರ ಪ್ರೇಮಕಥೆಗಳನ್ನು ಹುರಿಗಡಲೆ ಮುಕ್ಕಿದಂತೆ ಮುಕ್ಕಿದವಳು ನಾನು. ಅವರು ಸುರಿಯುವ ಮಳೆಯಲ್ಲಿ ಕುದುರೆ ಏರಿ ಇಪ್ಪತ್ತು ಮೈಲಿ ಬರುತ್ತಾರೆ, ನೀರು ತೊಟ್ಟಿಕ್ಕುವ ಅಂಗಿಯಲ್ಲೇ ನಿಂತು ಒಂದೂವರೆ ಪುಟ ಪ್ರೇಮನಿವೇದನೆ ಮಾಡುತ್ತಾರೆ, ಆದರೆ ಒಂದೇ ಒಂದು ಸೀನು ಬರುವುದಿಲ್ಲ. ನಮ್ಮ ಯಲಹಂಕದ ಮನೆಯಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಅಪ್ಪ ಮಫ್ಲರ್ ಸುತ್ತಿಕೊಂಡು ಶುಂಠಿ ಕಷಾಯಕ್ಕೆ ಕೂಗುತ್ತಿದ್ದರು. ಹಾಗಾಗಿ ಗಂಡಸರಲ್ಲಿ ಎರಡು ಬಗೆ, ನೆಗಡಿಯಾಗುವವರು ಮತ್ತು ಡ್ಯೂಕರು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಈ ಕಾದಂಬರಿಗಳ ಪಾಕ ನಿಮಗೂ ಗೊತ್ತಿರಬಹುದು. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು. ಡ್ಯೂಕ್ ಎಂಬ ಬಿರುದಿನ, ದೊಡ್ಡ ಮನೆತನದ ಒಬ್ಬ ಶೋಕಿಲಾಲ, ಇಸ್ಪೀಟು, ಕುದುರೆ, ಹೆಂಗಸರು ಎಂದು ತಿರುಗಿಕೊಂಡಿರುವವನು. ಅವನ ಮನೆಯಲ್ಲಿ ಒಲೆಯ ಬೂದಿ ತೆಗೆಯುವ ಬಡ ಹುಡುಗಿಯೊಬ್ಬಳು. ಅವಳು ತಲೆ ಎತ್ತಿ ಒಂದು ಮಾತು ಎದುರಾಡುತ್ತಾಳೆ, ಇವನ ಎದೆ ಅಲ್ಲಿಗೇ ಅಡಿಮೇಲು. ನಮ್ಮ ಕಡೆಯೂ ದೊರೆಗಳಿದ್ದರು, ಶೋಕಿಗಳೂ ಇದ್ದಿರಲೇಬೇಕು, ಆದರೆ ನಮ್ಮವರು ಕಲ್ಲಿನ ಮೇಲೆ ಬರೆಸಿದ್ದು ಕೆರೆ ಕಟ್ಟಿಸಿದ್ದನ್ನು, ಹೊಲ ದಾನ ಕೊಟ್ಟಿದ್ದನ್ನು. ಯಾವ ಶಾಸನದಲ್ಲೂ ದೊರೆ ಪಾತ್ರೆ ತೊಳೆಯುವವಳನ್ನು ನೋಡಿ ನಿಟ್ಟುಸಿರಿಟ್ಟ ಸಂಗತಿ ಇಲ್ಲ. ಸೂರ್ಯಚಂದ್ರರಿರುವ ತನಕ ಉಳಿಯುವ ಕಲ್ಲಿನಲ್ಲಿ ಇದನ್ನೆಲ್ಲ ಕೆತ್ತಿಸಿದರೆ ರಾಣಿ ಸುಮ್ಮನಿರುತ್ತಾಳೆಯೇ. ಹೀಗಾಗಿ ನಾನು ಇಂಗ್ಲಿಷ್ ದೊರೆಗಳನ್ನೇ ನೆಚ್ಚಬೇಕಾಯಿತು.

ಅವರನ್ನು ನನಗೆ ಒದಗಿಸುತ್ತಿದ್ದವರು ಯಲಹಂಕದ ಹಳೇ ಪೇಟೆಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ ಬಾಷಾ ಸಾಬರು. ಎಪ್ಪತ್ತರ ದಶಕದ ಕೊನೆಯ ಮಾತು. ಸಾಬರು ಮೂಲತಃ ಬೈಂಡಿಂಗ್ ಕೆಲಸದವರು. ಪುಸ್ತಕವನ್ನು ಅವರು ಒಳಗಿನಿಂದಲ್ಲ, ಬೆನ್ನಿನಿಂದ ಬಲ್ಲವರು. ದಪ್ಪ ಕಾದಂಬರಿ ಕೈಯಿಂದ ಕೈಗೆ ಓಡಾಡಿ ಬೆನ್ನು ಮುರಿದುಕೊಂಡು ಬಂದರೆ ಅದನ್ನು ನಡುವಿಗೆ ಸರಿಯಾಗಿ ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ರಟ್ಟು ಹಾಕಿ, ಮೈದಾ ಅಂಟಿನಲ್ಲಿ ಅಂಟಿಸಿ, ಹೊಲಿದು, ಮೇಲೆ ಒಂದು, ಎರಡು ಎಂದು ಬರೆಯುತ್ತಿದ್ದರು. ಒಬ್ಬರು ಮೊದಲರ್ಧ ಓದುತ್ತಿರುವಾಗ ಇನ್ನೊಬ್ಬರು ಕೊನೆಯರ್ಧ ಓದಬಹುದಲ್ಲ ಎಂಬುದು ಅವರ ಲೆಕ್ಕಾಚಾರ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಕೂಡಿಸಿ ಓದುತ್ತಿದ್ದರು, ಇಂಗ್ಲಿಷಿನಲ್ಲಿ ಅಂಕಿಗಳನ್ನು ಮಾತ್ರ ಗುರುತಿಸುತ್ತಿದ್ದರು.

ಸಾಬರ ಅಣ್ಣನ ಮಗಳು ಮೆಹರುನ್ನೀಸಾ ನನ್ನ ಜೊತೆ ಜಾಲಹಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳು. ಭೂತಗನ್ನಡಿಯ ಕೆಳಗೆ ಸಾಸಿವೆಯಷ್ಟು ಚಿಕ್ಕ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸ. ಮಾತಾಡಿದರೆ ಭಾಗ ಹಾರಿಹೋಗುತ್ತಿತ್ತು. ಎಂಟು ಗಂಟೆ ಬಾಯಿ ಕಟ್ಟಿಕೊಂಡು ಕೂರುವ ನಲವತ್ತು ಹೆಂಗಸರು ಫ್ಯಾಕ್ಟರಿ ಬಸ್ಸಿನಲ್ಲಿ ಅದರ ಬಡ್ಡಿಸಮೇತ ಮಾತಾಡುತ್ತಿದ್ದರು. ನಾನು ಪಿಯುಸಿ ಪಾಸಾದವಳು, ಇಂಗ್ಲಿಷ್ ಓದಬಲ್ಲೆ ಎಂಬ ಸುದ್ದಿಯನ್ನು ಮೆಹರುನ್ನೀಸಾ ಹಬ್ಬಿಸಿದ ಮೇಲೆ ನನಗೆ ಡ್ರೈವರ್ ಗೋವಿಂದಪ್ಪನವರ ಹಿಂದಿನ ಸೀಟು ಕಾಯಂ ಆಯಿತು. ಅಟ್ಟೂರಿನಲ್ಲಿ ಕೊನೆಯವರು ಹತ್ತಿದೊಡನೆ ನಾನು ಹಿಂದಿನ ದಿನ ಓದಿದ್ದನ್ನು ಕನ್ನಡದಲ್ಲಿ ಹೇಳಲು ತೊಡಗಬೇಕು. ಫ್ಯಾಕ್ಟರಿ ಗೇಟಿನ ಹತ್ತಿರ ಕತೆ ಬಿಗಿಯಾದರೆ ಗೋವಿಂದಪ್ಪನವರು ಗೇರ್ ಇಳಿಸಿ ಎತ್ತಿನ ಗಾಡಿಯ ವೇಗಕ್ಕೆ ಬರುತ್ತಿದ್ದರು.

ನನ್ನ ಇಂಗ್ಲಿಷಿನ ಬಗ್ಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೂರು ಪದಕ್ಕೆ ಒಂದು ಅರ್ಥವಾಗುತ್ತಿತ್ತು. ಉಳಿದ ಎರಡನ್ನು ನನ್ನ ಕಡೆಯಿಂದ ಹಾಕುತ್ತಿದ್ದೆ. ಡ್ಯೂಕನ ಊಟಕ್ಕೆ ಬರುತ್ತಿದ್ದ ಯಾವುದೋ ಮಾಂಸದ ಕಡುಬು ನನ್ನ ಬಾಯಲ್ಲಿ ಹೂರಣದ ಬದಲು ಖೈಮಾ ಇಟ್ಟ ಒಬ್ಬಟ್ಟಾಯಿತು, ಅದನ್ನು ಕೇಳಿ ಬಸ್ಸಿನ ಅರ್ಧ ಭಾಗ ಮುಖ ಹಿಂಡಿತು, ಇನ್ನರ್ಧ ಹೇಗೆ ಮಾಡುವುದೆಂದು ಕೇಳಿತು. ಆ ವರ್ಷ ನನ್ನ ಕೈಗೆ ಬಂದ ಪುಸ್ತಕಕ್ಕೆ ಹೆಸರಿನ ಹಾಳೆಯೇ ಇರಲಿಲ್ಲ. ನಾಯಕನ ಹೆಸರು ಎರಡು ಸಾಲು ಉದ್ದ. ಹೆಂಗಸರು ಅವನನ್ನು ಡ್ಯೂಕಪ್ಪ ಎಂದು ಕರೆದು ಮುಗಿಸಿದರು. ಕೆಲಸದ ಹುಡುಗಿ ಬೆಟ್ಟಿ, ಬೆಟ್ಟಮ್ಮನಾದಳು.

"ಡ್ಯೂಕಪ್ಪ ಹೊಟ್ಟೆಪಾಡಿಗೆ ಏನ್ ಮಾಡ್ತಾನೆ?" ಎಂದು ಮೆಹರುನ್ನೀಸಾ ಮೊದಲ ದಿನವೇ ಕೇಳಿದಳು.

"ಏನೂ ಮಾಡಲ್ಲ ಕಣೆ. ಅವನು ಡ್ಯೂಕು."

"ಅಂದ್ರೆ ನಮ್ಮ ಸೂಪರ್‌ವೈಸರ್ ಥರಾ ಅನ್ನು."

ಎರಡು ವಾರದಲ್ಲಿ ಮೊದಲ ಭಾಗ ಮುಗಿಯಿತು. ಡ್ಯೂಕಪ್ಪ ತೋಟದಲ್ಲಿ ಬೆಟ್ಟಮ್ಮನ ಕೈ ಹಿಡಿದು, ಗುಟ್ಟಾಗಿ ಮದುವೆಯಾಗೋಣ, ಲೋಕಕ್ಕೆ ತಿಳಿಯುವುದು ಬೇಡ ಎಂದು ಹೇಳುತ್ತಾನೆ, ಅವಳು ತುಟಿ ಬಿಚ್ಚುತ್ತಾಳೆ, ಅಷ್ಟಕ್ಕೆ ಸಾಬರ ರಟ್ಟು ಬರುತ್ತದೆ. ಶನಿವಾರ ಸಂಜೆ ಬಸ್ಸಿಳಿಯುವಾಗ, ಅಟ್ಟೂರು ಸ್ಟಾಪಿನಲ್ಲಿ ಹತ್ತುವ ನಾಗರತ್ನ ನನ್ನ ಸೆರಗು ಹಿಡಿದಳು. ಅಟ್ಟೂರಿನ ಪಕ್ಕದ ಸಣ್ಣ ಹಳ್ಳಿಯವಳು, ಇಪ್ಪತ್ತು ವರ್ಷ, ಬಸ್ಸಿನಲ್ಲಿ ಎಂದೂ ಬಾಯಿ ಬಿಡದವಳು. ಅವಳ ತಾಯಿ ಮುನಿಯಮ್ಮ ಸೊಪ್ಪು ಮಾರುತ್ತಿದ್ದರು.

"ಅಕ್ಕಾ, ಬೆಟ್ಟಮ್ಮ ಊಂ ಅಂತಾಳಾ, ಊಹೂಂ ಅಂತಾಳಾ? ಏಳ್ಬುಡು. ಬರೋ ಸುಕ್ರವಾರ ನಾನೂ ಒಬ್ರಿಗೆ ಜವಾಬು ಕೊಡ್ಬೇಕು."

ಆ ಒಬ್ಬರು ಯಾರೆಂದು ಕೇಳಿದೆ. ಅವರ ಊರಿನ ಪಟೇಲರ ಮಗ ಚಂದ್ರಶೇಖರ. ಪಟೇಲಿಕೆ ಹೋಗಿ ವರ್ಷಗಳಾಗಿದ್ದರೂ ಆ ಮನೆಯ ಠೇಂಕಾರ ಹೋಗಿರಲಿಲ್ಲ. ಮುನಿಯಮ್ಮನ ಜಾತಿಯವರು ಅವರ ಜಗುಲಿಯನ್ನೂ ಹತ್ತುವಂತಿರಲಿಲ್ಲ, ಸೊಪ್ಪು ಕೊಡುವುದಕ್ಕೂ ಹಿತ್ತಿಲ ಬಾಗಿಲಿಗೇ ಹೋಗಬೇಕು. ಮಗನಿಗೆ ಇಪ್ಪತ್ತೈದು. ಬೆಲ್‌ಬಾಟಮ್ ಪ್ಯಾಂಟು, ಕಪ್ಪು ಕನ್ನಡಕ, ಕಾಲರಿಗೆ ಸುತ್ತಿದ ಗುಲಾಬಿ ಕರ್ಚೀಫು, ಕಿವಿಯ ತನಕ ಬಾಚಿ ಕೂರಿಸಿದ ಕೂದಲು, ಬೈಕು. ಒಂದೇ ಪ್ರೇಮಪತ್ರವನ್ನು ಕಾರ್ಬನ್ ಇಟ್ಟು ಬರೆದು ನರ್ಸಮ್ಮನಿಗೂ ಶಾಲೆಯ ಟೀಚರಿಗೂ ಕೊಟ್ಟಿದ್ದನೆಂಬ ಖ್ಯಾತಿ. ಅವನು ನಾಗರತ್ನಳಿಗೆ, ಶುಕ್ರವಾರ ಬೈಕಿನಲ್ಲಿ ಬಾ, ದೂರದ ಗುಡಿಯೊಂದರಲ್ಲಿ ತಾಳಿ ಕಟ್ಟುತ್ತೇನೆ, ಒಂದೆರಡು ವರ್ಷ ಯಾರಿಗೂ ಹೇಳುವುದು ಬೇಡ ಎಂದಿದ್ದನಂತೆ.

"ನಿಂಗೆ ಅವನ ಮೇಲೆ ಮನಸ್ಸಿದೆಯಾ?" ಎಂದೆ.

"ಐತೆ," ಎಂದಳು. "ಅದಕ್ಕೇ ಭಯ."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಸಾಬರಿಂದ ಶನಿವಾರವೇ ತಂದಿದ್ದ ಎರಡನೇ ಭಾಗ ತೆರೆದೆ. ಮೊದಲ ಸಾಲಿನಲ್ಲೇ ನಾಯಕ ಒಂದು ಛತ್ರದ ಅಡುಗೆಮನೆಯಲ್ಲಿ ಮೊಣಕಾಲೂರಿ ಕುಳಿತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ಸಿಪ್ಪೆಯ ಜೊತೆ ಅರ್ಧ ಗಡ್ಡೆಯನ್ನೂ ತೆಗೆಯುತ್ತಿದ್ದೀಯಲ್ಲ ಎಂದು ಬೈಯುತ್ತಿದ್ದಳು. ಡ್ಯೂಕಪ್ಪ ಎಲ್ಲಿ, ಆಲೂಗಡ್ಡೆ ಎಲ್ಲಿ. ನಾಲ್ಕು ಪುಟ ಓದುವ ಹೊತ್ತಿಗೆ ಅನುಮಾನ ಬಂತು, ಹತ್ತು ಪುಟಕ್ಕೆ ಖಾತ್ರಿಯಾಯಿತು. ಹೆಸರು ಬೇರೆ, ಊರು ಬೇರೆ. ಇದು ಬೇರೆಯೇ ಕಾದಂಬರಿಯ ಕೊನೆಯರ್ಧ.

ಪುಸ್ತಕ ಎತ್ತಿಕೊಂಡು ಸಾಬರ ಅಂಗಡಿಗೆ ಓಡಿದೆ. ಅವರು ಎರಡೂ ಭಾಗವನ್ನು ತಿರುಗಿಸಿ ನೋಡಿ, ಹೊಲಿಗೆ ಎಳೆದು ಪರೀಕ್ಷಿಸಿ, ಬೈಂಡಿಂಗಿನಲ್ಲಿ ಏನೂ ಐಬಿಲ್ಲ ಎಂದರು. ರಟ್ಟು ಕಳಚಿದ ಎರಡು ದಪ್ಪ ಪುಸ್ತಕ ಒಂದೇ ದಿನ ಬಂದಿದ್ದವಂತೆ. ಪುಟಸಂಖ್ಯೆ ನೋಡಿ ಸೇರಿಸಿದ್ದರು. ಒಂದರ ಮೊದಲರ್ಧ ಎಲ್ಲಿಗೆ ನಿಂತಿತ್ತೋ ಇನ್ನೊಂದರ ಕೊನೆಯರ್ಧ ಅಲ್ಲಿಂದಲೇ ಹೊರಟಿತ್ತು.

"ಕತೆ ಕೂಡ್ತಾ ಇಲ್ಲ ಸಾಬರೇ."

"ಎರಡೂ ಇಂಗ್ಲೀಷೇ ಅಲ್ವಾ ಅಮ್ಮಾ," ಎಂದರು ಅವರು, ನೊಂದುಕೊಂಡು.

ಇನ್ನೊಂದು ಜೋಡಿ ಎಲ್ಲಿ ಎಂದರೆ, ಅದನ್ನು ರೈಲ್ವೆ ಗಾರ್ಡ್ ಒಬ್ಬರ ಹೆಂಡತಿ ಒಯ್ದಿದ್ದರು, ಗಾರ್ಡಿಗೆ ವರ್ಗವಾಗಿ ಸಂಸಾರವೆಲ್ಲ ಅರಸೀಕೆರೆಗೆ ಹೋಗಿತ್ತು. ಬೆಟ್ಟಮ್ಮನ ಉತ್ತರವೂ ಸಾಮಾನಿನ ಜೊತೆ ಗಂಟು ಕಟ್ಟಿಸಿಕೊಂಡು ಅರಸೀಕೆರೆಗೆ ಹೋದಂತಾಯಿತು.

ಸೋಮವಾರ ಬಸ್ಸಿನಲ್ಲಿ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಲವತ್ತು ಜೊತೆ ಕಣ್ಣು ನನ್ನ ಮೇಲಿದ್ದವು, ಗೋವಿಂದಪ್ಪನವರು ಆಗಲೇ ಗೇರ್ ಇಳಿಸಿದ್ದರು, ಎರಡು ವಾರದಿಂದ ನನಗೆ ಸಿಗುತ್ತಿದ್ದ ಮರ್ಯಾದೆಯ ರುಚಿಯೂ ಹತ್ತಿತ್ತು. ತೋಟದಲ್ಲಿ ನಿಂತಿದ್ದ ಡ್ಯೂಕನನ್ನು ಹೇಗಾದರೂ ಮಾಡಿ ಆಲೂಗಡ್ಡೆಯ ಮುಂದೆ ಕೂರಿಸಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. ಬೆಟ್ಟಮ್ಮ ಊಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಒಂದು ಷರತ್ತು ಹಾಕಿದಳು. ಗುಟ್ಟಿನ ಮದುವೆ ನನಗೆ ಬೇಡ. ನಾನು ದಿನಾ ಮಾಡುವ ಕೆಲಸವನ್ನು ನೀನು ಒಂದು ತಿಂಗಳು ನಿನ್ನವರೂ ನನ್ನವರೂ ನೋಡುವಂತೆ ಮಾಡು, ಆಮೇಲೆ ಬಂದು ಕೇಳು. ಡ್ಯೂಕಪ್ಪ ಉಂಗುರ ಬಿಚ್ಚಿಟ್ಟು ಛತ್ರದ ಅಡುಗೆಮನೆ ಸೇರಿದ. ಗುರುವಾರದ ಹೊತ್ತಿಗೆ ಅವನು ಸಿಪ್ಪೆಯನ್ನು ತೆಳ್ಳಗೆ ತೆಗೆಯಲು ಕಲಿತಿದ್ದ.

ಶುಕ್ರವಾರ ಸಂಜೆ ನಾಗರತ್ನ ಬೈಕು ಹತ್ತಲಿಲ್ಲ. ನಮ್ಮವ್ವನ ಸೊಪ್ಪಿನ ಮಂಕರಿಯನ್ನು ಹದಿನೈದು ದಿನ ನಿನ್ನ ತಲೆಯ ಮೇಲೆ ಹೊತ್ತು ಯಲಹಂಕದ ಪೇಟೆಯಲ್ಲಿ ಮಾರು, ಆಮೇಲೆ ನಿಮ್ಮ ಮನೆಯವರಿಗೂ ನಮ್ಮವ್ವನಿಗೂ ಹೇಳಿ ತಾಳಿ ಕಟ್ಟು ಎಂದಳಂತೆ. ಅವನು ನಕ್ಕನಂತೆ, ಆಮೇಲೆ ಅವಳು ನಗದಿದ್ದನ್ನು ಕಂಡು ಬೈಕು ಒದ್ದು ಹೊರಟುಹೋದನಂತೆ. ಮುಂದಿನ ವಾರವೆಲ್ಲ ಅವನ ಸುಳಿವಿಲ್ಲ. ನಾಗರತ್ನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂರುತ್ತಿದ್ದಳು. ಮೂರು ಪದಕ್ಕೆ ಒಂದು ಅರ್ಥವಾಗುವ ಇಂಗ್ಲಿಷ್ ಇಟ್ಟುಕೊಂಡು ನಾನು ಒಬ್ಬ ಹುಡುಗಿಯ ಬಾಳಿಗೆ ಕೈ ಹಾಕಿದ್ದೆ. ಚಿಮಟದಿಂದ ಭಾಗಗಳು ಹಾರುತ್ತಿದ್ದವು. ಶನಿವಾರ ಅವಳ ಪಕ್ಕ ಹೋಗಿ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಅದು ಎರಡು ಪುಸ್ತಕ, ಷರತ್ತು ನಾನು ಕಟ್ಟಿದ್ದು, ಬೆಟ್ಟಮ್ಮ ಏನಂದಳೋ ದೇವರಿಗೇ ಗೊತ್ತು.

"ಗೊತ್ತಾಗಿತ್ತು ಕಣಕ್ಕ," ಎಂದಳು ನಾಗರತ್ನ. "ಮೊದ್ಲು ಆವಯ್ಯನ ಕಣ್ಣು ನೀಲಿ ಅಂದಿದ್ದೆ. ಆಲೂಗಡ್ಡೆ ಸುಲಿಯೋವಾಗ ಕಂದು ಅಂದೆ."

"ಮತ್ತೆ ಯಾಕೆ ನಂಬಿದೆ?"

"ಕತೆ ಯಾರು ನಂಬಿದ್ರು. ಸರತ್ತು ಚೆನ್ನಾಗಿತ್ತು."

ಸೋಮವಾರ ಅಟ್ಟೂರು ಸ್ಟಾಪಿನ ಹತ್ತಿರ ಗೋವಿಂದಪ್ಪನವರು ಬ್ರೇಕ್ ಹಾಕಿದ ರಭಸಕ್ಕೆ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಎದುರಿನಿಂದ ಮುನಿಯಮ್ಮ ಕೈ ಬೀಸಿಕೊಂಡು ಬರುತ್ತಿದ್ದರು. ಅವರು ಬರಿಗೈಯಲ್ಲಿ ನಡೆದದ್ದನ್ನು ಆ ರಸ್ತೆ ಅಂದೇ ಮೊದಲು ಕಂಡದ್ದು. ಹಿಂದೆ ಬೆಲ್‌ಬಾಟಮ್ಮು, ಕಪ್ಪು ಕನ್ನಡಕ, ತಲೆಯ ಮೇಲೆ ಸೊಪ್ಪಿನ ಮಂಕರಿ. ಮಂಕರಿಯ ಕೆಳಗೆ ಆಧಾರಕ್ಕೆ ಇಡುವ ಬಟ್ಟೆಯ ಸಿಂಬಿಯಾಗಿ ಆ ಗುಲಾಬಿ ಕರ್ಚೀಫೇ ಸುತ್ತಿಕೊಂಡಿತ್ತು. ನೀರು ಚಿಮುಕಿಸಿದ ಸೊಪ್ಪಿನಿಂದ ಹನಿ ಇಳಿದು ಕಿವಿಯ ಮೇಲಿನ ಕೂದಲನ್ನೆಲ್ಲ ಕೆನ್ನೆಗೆ ಅಂಟಿಸಿತ್ತು. "ಕತ್ತು ನೆಟ್ಟಗಿಡಪ್ಪ, ಸೊಪ್ಪು ಬೀಳ್ತದೆ," ಎಂದು ಮುನಿಯಮ್ಮ ತಿರುಗಿ ನೋಡದೆ ಹೇಳಿದರು.

ಆಗ ಬಸ್ಸಿನಲ್ಲಿ ಎದ್ದ ಗದ್ದಲವನ್ನು ಬರೆಯಲು ನನಗೆ ಬಾರದು. ನಲವತ್ತು ಜನ ಒಂದೇ ಕಿಟಕಿಯ ಕಡೆ ನುಗ್ಗಿದರು, ಬಸ್ಸು ವಾಲಿತು, ಗೋವಿಂದಪ್ಪನವರು ಸ್ಟೀರಿಂಗ್ ಬಿಟ್ಟು ಕೈ ಮುಗಿದರು. ಮೆಹರುನ್ನೀಸಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಡ್ಯೂಕಪ್ಪಾ, ದಂಟು ಹೆಂಗೆ ಕಟ್ಟು?" ಎಂದು ಕೇಳಿದಳು. ಪಾಪ, ಅವನಿಗೆ ಡ್ಯೂಕಪ್ಪ ಯಾರೆಂದೇ ತಿಳಿಯದು; ಎಡಗೈಯಿಂದ ಮಂಕರಿ ಹಿಡಿದು, ಬಲಗೈಯಿಂದ ಕನ್ನಡಕ ಸರಿಮಾಡಿಕೊಂಡು ಮುಂದೆ ನಡೆದ. ಸ್ಟಾಪಿನಲ್ಲಿದ್ದ ನಾಗರತ್ನ ಏನೂ ಆಗಿಲ್ಲವೆಂಬಂತೆ ಹತ್ತಿ ಕುಳಿತಳು. ಬಸ್ಸು ಹೊರಟ ಮೇಲೆ ಒಮ್ಮೆ ಹಿಂತಿರುಗಿ ನೋಡಿ, "ಮಂಕ್ರಿ ಎಡಕ್ಕೆ ವಾಲ್ತಾ ಐತೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಕುಣಿಯಬೇಕೆನ್ನಿಸಿತು, ಬಸ್ಸಿನಲ್ಲಿ ಜಾಗವಿರಲಿಲ್ಲ.

ಮೊದಲ ಎರಡು ದಿನ ಅವನ ಗಂಟಲಿನಿಂದ ಕೂಗೇ ಹೊರಡಲಿಲ್ಲವಂತೆ. ಬೀದಿಯ ನಡುವೆ ಮಂಕರಿ ಹೊತ್ತು, ಫೋಟೋ ತೆಗೆಸಿಕೊಳ್ಳುವವನ ಹಾಗೆ ನಿಂತಿದ್ದನಂತೆ. ಮೂರನೇ ದಿನ "ಸೊಪ್ಪೂ" ಎಂದು ಕೂಗಿದ. ಐದನೇ ದಿನಕ್ಕೆ ಅವನಿಗೆ ತನ್ನ ಹಳೆಯ ವಿದ್ಯೆ ನೆನಪಾಯಿತು. ಹೆಂಗಸರ ಜೊತೆ ಮಾತಾಡಲು ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಅಕ್ಕ, ಅತ್ತೆ, ಅಜ್ಜಿ ಎಂದು ವಯಸ್ಸಿಗೆ ತಕ್ಕ ಹಾಗೆ ಕರೆದು, ಮೆಂತ್ಯದ ಎಳೆತನವನ್ನು ಹೊಗಳಿ, ಹಳೇ ಪೇಟೆ ಪೂರ್ತಿ ಸುತ್ತಿ, ಬಿಸಿಲೇರುವ ಮೊದಲೇ ಮಂಕರಿ ಖಾಲಿ ಮಾಡುತ್ತಿದ್ದ. ನಮ್ಮ ಮನೆಯಲ್ಲಿ ಆ ಹದಿನೈದು ದಿನ ಮೂರು ಹೊತ್ತೂ ಸೊಪ್ಪಿನ ಸಾರು. ನಮ್ಮಮ್ಮನನ್ನು ಕೇಳಿದರೆ, ಹುಡುಗ ತುಂಬ ಸಂಸ್ಕಾರವಂತ ಎನ್ನುತ್ತಿದ್ದಳು. ಅಷ್ಟರಲ್ಲಿ ಪಟೇಲರು ಬೈಕಿನ ಕೀಲಿ ಕಿತ್ತುಕೊಂಡಿದ್ದರು. ಹೇಗೂ ಮಂಕರಿ ಹೊತ್ತು ಬೈಕು ಓಡಿಸಲಾಗುವುದಿಲ್ಲ.

ಹದಿನೈದನೆಯ ದಿನ ಮುನಿಯಮ್ಮ ಪೇಟೆಗೆ ಹೋಗಲಿಲ್ಲ. ಅವನನ್ನು ನೇರ ಪಟೇಲರ ಮನೆಯ ಹಿತ್ತಿಲ ಬಾಗಿಲಿಗೆ ಕರೆದೊಯ್ದರು. ಒಳಗಿನಿಂದ ಅವನ ತಾಯಿ ಬಂದು, ಹೊತ್ತವರು ಯಾರೆಂದು ನೋಡದೆಯೇ ಕಟ್ಟುಗಳನ್ನು ಹಿಂದೆಮುಂದೆ ತಿರುಗಿಸಿ, ಇವತ್ತು ಪಾಲಕ್ ಬಾಡಿದೆಯಲ್ಲ ಎಂದು ಗೊಣಗಿ, ಆಮೇಲೆ ಮಂಕರಿಯ ಕೆಳಗಿನ ಮುಖ ನೋಡಿದರು. ಊರೆಲ್ಲ ಮಾತಾಡಿದ್ದು ಅವರ ಕಿವಿಗೂ ಬಿದ್ದಿತ್ತು, ಆದರೆ ಕಿವಿಗೆ ಬೀಳುವುದು ಬೇರೆ, ಕಣ್ಣೆದುರು ನಿಲ್ಲುವುದು ಬೇರೆ. ಕೈಯಲ್ಲಿದ್ದ ಕಟ್ಟನ್ನು ಮಂಕರಿಗೆ ವಾಪಸ್ ಹಾಕಿ ಅವರು, "ತಿಂಡಿ ತಿಂದ್ಯೇನೋ?" ಎಂದು ಕೇಳಿದರು.

"ಇಲ್ಲ. ಇವ್ರೂ ತಿಂದಿಲ್ಲ," ಎಂದನಂತೆ ಅವನು, ಮುನಿಯಮ್ಮನ ಕಡೆ ನೋಡಿ.

ಆ ತಾಯಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರೆಂದೇ ಮುನಿಯಮ್ಮ ತಿಳಿದರು. ಆದರೆ ಆ ತಾಯಿ ಮೂರು ತಟ್ಟೆ ತಂದರು. ಮನೆಯೊಳಗೂ ಅಲ್ಲದ, ಬೀದಿಯೂ ಅಲ್ಲದ ಬಾವಿಕಟ್ಟೆಯ ಮೇಲೆ ಮೂವರೂ ಕೂತು ಅಕ್ಕಿರೊಟ್ಟಿ ತಿಂದರು. ಪಟೇಲರು ಮದುವೆಗೆ ಬರಲಿಲ್ಲ. ಅವರ ಹೆಂಡತಿ ಬಂದರು, ಫ್ಯಾಕ್ಟರಿ ಬಸ್ಸೂ ಬಂತು. ಬಾಷಾ ಸಾಬರು ಉಡುಗೊರೆಯಾಗಿ ರಟ್ಟು ಹಾಕಿದ ಒಂದು ಖಾಲಿ ಪುಸ್ತಕ ಕೊಟ್ಟರು. ಇದರಲ್ಲಿ ಅಕ್ಷರವೇ ಇಲ್ಲ, ತಪ್ಪಾಗೋ ಭಯ ಇಲ್ಲ ಎಂದರು.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಎಂಬತ್ತರ ದಶಕದ ನಡುವಿನಲ್ಲಿ ಆ ಗಾರ್ಡ್ ಸಾಹೇಬರಿಗೆ ಯಶವಂತಪುರಕ್ಕೆ ವಾಪಸ್ ವರ್ಗವಾಯಿತು. ಅವರ ಹೆಂಡತಿ ಪರಮ ಪ್ರಾಮಾಣಿಕರು. ಅಷ್ಟು ವರ್ಷ ಕಾಪಾಡಿಕೊಂಡಿದ್ದ ಎರಡೂ ಭಾಗಗಳನ್ನು ಸಾಬರಿಗೆ ತಂದೊಪ್ಪಿಸಿದರು. ಅರಸೀಕೆರೆಯಲ್ಲಿ ಅವರೂ ಛತ್ರದ ಅಡುಗೆಯವನು ಇದ್ದಕ್ಕಿದ್ದಂತೆ ಡ್ಯೂಕನಾದದ್ದು ಹೇಗೆಂದು ತಲೆ ಕೆಡಿಸಿಕೊಂಡಿದ್ದರಂತೆ. ನಾನು ಬೆಟ್ಟಮ್ಮನ ನಿಜವಾದ ಕೊನೆಯರ್ಧವನ್ನು ನಿಂತಲ್ಲೇ ಓದಿ, ಅದನ್ನು ಎತ್ತಿಕೊಂಡು ಮರುದಿನ ಬೆಳಗ್ಗೆಯೇ ನಾಗರತ್ನಳ ಮನೆಗೆ ಹೋದೆ. ತುಂತುರು ಹನಿಯುತ್ತಿತ್ತು. ಚಂದ್ರಶೇಖರ ಗುತ್ತಿಗೆ ಹಿಡಿದ ಹೊಲದಿಂದ ಆಗತಾನೆ ಬಂದು, ಒದ್ದೆ ಅಂಗಿಯಲ್ಲೇ ಹೊಸಿಲ ಮೇಲೆ ಕೂತು, ಯಶವಂತಪುರದ ಮಾರುಕಟ್ಟೆಗೆ ಹೋಗಬೇಕಾದ ಕೊತ್ತಂಬರಿಯನ್ನು ಕಟ್ಟು ಕಟ್ಟುತ್ತಿದ್ದ. ಕಿವಿಯ ಮೇಲಿನ ಕೂದಲು ಹೋಗಿತ್ತು. ತಲೆಯ ಮೇಲಿನದೂ ಹೆಚ್ಚೇನೂ ಉಳಿದಿರಲಿಲ್ಲ.

"ಕೊನೆಗೆ ಏನಂದ್ಲಕ್ಕ ಬೆಟ್ಟಮ್ಮ?" ಎಂದು ನಾಗರತ್ನ ಕೇಳಿದಳು.

ಹೇಳಲು ನನಗೇ ನಾಚಿಕೆಯಾಯಿತು. ಬೆಟ್ಟಮ್ಮ ಏನೂ ಅನ್ನಬೇಕಾಗಲಿಲ್ಲ. ಅವಳು ಬಡವರ ಮಗಳೇ ಅಲ್ಲವಂತೆ. ತೊಟ್ಟಿಲಿನಲ್ಲಿ ಅದಲುಬದಲಾದ ಯಾವುದೋ ಸಾಹುಕಾರರ ಕೂಸಂತೆ, ಭುಜದ ಮೇಲೆ ಮಚ್ಚೆ ಇತ್ತಂತೆ. ಮಚ್ಚೆ ಕಂಡದ್ದೇ ತಡ, ಡ್ಯೂಕಪ್ಪ ಬ್ಯಾಂಡು ಬಾರಿಸಿ ಮದುವೆಯಾದ.

"ಅಂಗಾರೆ ಆವಯ್ಯ ಏನ್ ಮಾಡ್ದ?"

"ಏನೂ ಮಾಡಲಿಲ್ಲ. ಮಚ್ಚೆ ಸಿಗೋ ತನಕ ಕುದುರೆ ಮೇಲೆ ಓಡಾಡಿಕೊಂಡಿದ್ದ."

ಚಂದ್ರಶೇಖರ ಕೊತ್ತಂಬರಿಯಿಂದ ತಲೆಯೆತ್ತಿದ. "ಈ ಭಾಗ ಮೊದ್ಲೇ ಸಿಕ್ಕಿದ್ರೆ ನನ್ ಕತ್ತು ಉಳೀತಿತ್ತಲ್ಲಕ್ಕ."

"ಕತ್ತು ಉಳೀತಿತ್ತು," ಎಂದಳು ನಾಗರತ್ನ, "ನಾನ್ ಉಳೀತಿರ್ಲಿಲ್ಲ."

ಅವನು ಏನೋ ಉತ್ತರ ಕೊಡಲು ಬಾಯಿ ತೆರೆದ. ಮಾತಿನ ಬದಲು ಒಂದು ಸೀನು ಬಂತು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಕೊತ್ತಂಬರಿ ಕಟ್ಟುಗಳೆಲ್ಲ ಹಾರುವಂಥ ಮೂರನೆಯದು. ನಾಗರತ್ನ ಗೊಣಗುತ್ತಾ ಶುಂಠಿ ಜಜ್ಜಲು ಎದ್ದಳು. ನಾನು ಪುಸ್ತಕವನ್ನು ಮುಚ್ಚಿ ಚೀಲಕ್ಕೆ ಹಾಕಿದೆ. ಇಷ್ಟು ವರ್ಷ ಓದಿದ್ದರಲ್ಲಿ ನೆಗಡಿಯಾದ ಡ್ಯೂಕನನ್ನು ನಾನು ಅಂದೇ ಮೊದಲು ಕಂಡದ್ದು.